ಮೆನೋಪಾಸ್ ಕ್ಲಿನಿಕ್: ಡಾಕ್ಟರಿಗೆ ಪೂರ್ತಿ ಮಾರ್ಕ್ಸ್, ಕೌಂಟರಿಗೆ ಪಾಸ್ ಮಾರ್ಕ್ಸೂ ಇಲ್ಲ

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿರುವ ಮೆನೋಪಾಸ್ ಕ್ಲಿನಿಕ್, ಅಂದರೆ ಮುಟ್ಟು ನಿಲ್ಲುವ ಹೊತ್ತಿನ ತೊಂದರೆ ನೋಡುವ ಕ್ಲಿನಿಕ್ ಬಗ್ಗೆ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ, ಯಾಕೆಂದರೆ ಕೆಳಗೆ ಬೈಗುಳವೂ ಇದೆ. ಇಂಥ ಕ್ಲಿನಿಕ್‌ಗಳು ಈಗ ಊರಲ್ಲಿ ಹಲವು ಕಡೆ ಇವೆ. ಎಲ್ಲಿಗೆ ಹೋದರೂ ಏನು ಕೇಳಬೇಕು, ಯಾವುದಕ್ಕೆ ದುಡ್ಡು ಕೊಡಬಾರದು ಅಂತ ಗೊತ್ತಿದ್ದರೆ ಸಾಕು. ಬೋರ್ಡಿನಲ್ಲಿ ಮೆನೋಪಾಸ್ ಅಂತ ಇದ್ದರೂ ನಮ್ಮ ಮನೆಯಿಂದ ಮೂರು ವಯಸ್ಸಿನವರು ಅಲ್ಲಿಗೆ ಹೋದೆವು: 47ರ ನಾನು, ಎಂಟು ತಿಂಗಳ ಕೂಸಿರುವ ನನ್ನ ತಮ್ಮನ ಹೆಂಡತಿ, ತಿಪಟೂರಿನ ನನ್ನ ಚಿಕ್ಕಮ್ಮ. ಮೇಲಿಂದ ಕೇಳಿದರೆ ಮೂವರ ದೂರೂ ಒಂದೇ, ಗಂಡ ಹತ್ತಿರ ಬಂದರೆ ಬೇಡ ಅನ್ನಿಸುತ್ತೆ ಅಂತ. ಸಿಕ್ಕ ಉತ್ತರ ಮಾತ್ರ ಮೂವರಿಗೂ ಬೇರೆ ಬೇರೆ. ಈ ಕ್ಲಿನಿಕ್‌ಗೆ ನಾನು ಒಳ್ಳೆ ಮಾತು ಬರೆಯುತ್ತಿರುವುದೇ ಅದಕ್ಕೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. "ಬರಿಯೇ, ನನ್ನ ಹೆಸರು ಒಂದು ಹಾಕಬೇಡ ಅಷ್ಟೇ" ಅಂದರು ಚಿಕ್ಕಮ್ಮ.

ಫೀಸು 1,200 ರೂಪಾಯಿ. ಮಾಮೂಲಿ ಗೈನಕಾಲಜಿಸ್ಟ್‌ಗಿಂತ ಜಾಸ್ತಿನೇ. ಆದರೆ ಮಾಮೂಲಿ ಕಡೆ ಚೇರಿನಲ್ಲಿ ಕೂತು ಉಸಿರು ಬಿಡುವಷ್ಟರಲ್ಲಿ ಚೀಟಿ ಕೈಗೆ ಬಂದಿರುತ್ತದೆ, ಇಲ್ಲಿ ಮುಕ್ಕಾಲು ಗಂಟೆ ಕೂರಿಸಿಕೊಂಡು ಮಾತಾಡಿಸಿದರು. ಡಾಕ್ಟರಮ್ಮ ಮೈಸೂರು ಕಡೆಯವರು, ಕನ್ನಡದಲ್ಲೇ ಮಾತು. ನಾನು ಗಂಟಲು ಸರಿ ಮಾಡಿಕೊಂಡು "ಮೊದಲಿನ ಹಾಗೆ ಇಂಟರೆಸ್ಟ್ ಇಲ್ಲ ಮೇಡಂ" ಅಂದೆ. ಅವರು ಕೇಳಿದ ಮೊದಲ ಪ್ರಶ್ನೆ ಇದು: "ಬೇಡ ಅನ್ನಿಸೋದು ಶುರುವಾಗೋಕೆ ಮುಂಚೇನಾ, ಶುರುವಾದ ಮೇಲಾ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಯೋಚಿಸಿದರೆ ಶುರುವಾದ ಮೇಲೆ ಉರಿಯುತ್ತದೆ, ಒಳಗೆ ಒಣಗಿಕೊಂಡು ಗೀರಿದ ಹಾಗಾಗುತ್ತದೆ. ಒಂದೆರಡು ಸಲ ಹಾಗಾದ ಮೇಲೆ, ಅವರು ಸುಮ್ನೆ ಪಕ್ಕಕ್ಕೆ ಹೊರಳಿದರೂ ನನ್ನ ಮೈ ಬಿಗಿಯಾಗುತ್ತದೆ. "ಹಾಗಾದ್ರೆ ನಿಮ್ಮ ಆಸೆ ಎಲ್ಲೂ ಹೋಗಿಲ್ಲ, ನೋವಿಗೆ ಹೆದರಿ ಅಡಗಿ ಕೂತಿದೆ. ಮೊದಲು ನೋವು ನೋಡೋಣ" ಅಂದರು. ಮಾತ್ರೆ ಬರೆಯುವ ಮುಂಚೆ ನೋವನ್ನೂ ಆಸೆಯನ್ನೂ ಬೇರೆ ಮಾಡಿ ನೋಡುವ ಡಾಕ್ಟರ್ ಸಿಕ್ಕಿದರೆ ಅವರನ್ನು ಬಿಡಬೇಡಿ.

ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಅಡ್ಡಕ್ಕೆ ಗೆರೆ ಎಳೆದರು. ಎಡತುದಿಯಲ್ಲಿ ಮೊದಲ ಮುಟ್ಟು, ಬಲತುದಿಯಲ್ಲಿ ಇವತ್ತು. ನಡುವೆ ನಾನು ಹೇಳಿದ್ದನ್ನೆಲ್ಲ ಗುರುತು ಹಾಕುತ್ತ ಹೋದರು: ಮದುವೆ, ಮಕ್ಕಳಾಗದ ಹಾಗೆ ನುಂಗಿದ ಮಾತ್ರೆ, ಎರಡು ಹೆರಿಗೆ, ಆಪರೇಷನ್, ಥೈರಾಯ್ಡ್, ಅತ್ತೆಯವರು ಹಾಸಿಗೆ ಹಿಡಿದ ವರ್ಷಗಳು, ಕೋವಿಡ್ ಆದಮೇಲೆ ಶುರುವಾದ ಆತಂಕದ ಮಾತ್ರೆ. ಪ್ರತಿ ಗುರುತಿನ ಹತ್ತಿರ ಆಸೆ ಮೇಲಿತ್ತಾ ಕೆಳಗಿತ್ತಾ ಅಂತ ಕೇಳಿ ಬಾಣದ ಗುರುತು ಬೇರೆ. ಗೆರೆ ಪೂರ್ತಿಯಾದಾಗ ಅದು ಇಳಿಜಾರಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಮನೆಯ ಹಾಲಿನ ಪಕ್ಕದ ರೂಮಿನಲ್ಲಿ ಮಲಗುತ್ತಿದ್ದಾಗ ಕೆಳಗೆ, ಬೇರೆ ಮನೆ ಮಾಡಿದ ಮೇಲೆ ಮೇಲೆ, ಎರಡು ಬಾಣಂತನದಲ್ಲೂ ತೀರಾ ಕೆಳಗೆ. ಮೂವತ್ತೆಂಟರ ಆಸುಪಾಸಿನಲ್ಲಿ ಎಲ್ಲಕ್ಕಿಂತ ಮೇಲೆ! ಮಕ್ಕಳಿಬ್ಬರೂ ಸ್ಕೂಲಿಗೆ, ಗಂಡನಿಗೆ ಸೆಕೆಂಡ್ ಶಿಫ್ಟ್, ಬೆಳಗಿನ ಹೊತ್ತು ಮನೆಯಲ್ಲಿ ನಾವಿಬ್ಬರೇ. ಹಾರ್ಮೋನಿಗಿಂತ ಶಿಫ್ಟಿನ ಪಾತ್ರ ದೊಡ್ಡದು ಅಂತ ನಗಾಡಿದರು ಡಾಕ್ಟರಮ್ಮ.

ಗರ್ಭನಿರೋಧಕ ಮಾತ್ರೆ ಕೆಲವರಲ್ಲಿ ಆಸೆ ತಗ್ಗಿಸುತ್ತದೆ, ಕೆಲವರಲ್ಲಿ ಬಸಿರಿನ ಭಯ ಹೋಗಿ ಹೆಚ್ಚಿಸುತ್ತದೆ, ಬಹಳ ಜನಕ್ಕೆ ಏನೂ ಆಗುವುದಿಲ್ಲ ಅಂದರು. ಆದರೆ ನನ್ನ ಆತಂಕದ ಮಾತ್ರೆ, ಎಸ್ಸಿಟಾಲೊಪ್ರಾಮ್, ಅದಕ್ಕೆ ಎರಡು ಸಲ ಸುತ್ತು ಹಾಕಿದರು. ಆ ಗುಂಪಿನ ಮಾತ್ರೆಗಳು ಆಸೆಯನ್ನು ತಗ್ಗಿಸುವುದು, ಸುಖದ ತುದಿ ಮುಟ್ಟುವುದನ್ನು ತಡಮಾಡುವುದು ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಮಾತ್ರೆ ಬರೆದುಕೊಟ್ಟವರು ಅದನ್ನು ಹೇಳಿಯೇ ಇರಲಿಲ್ಲ. "ನೀವಾಗಿ ನಿಲ್ಲಿಸಬೇಡಿ, ಅವರ ಹತ್ತಿರ ಹೋಗಿ ಡೋಸ್ ಬಗ್ಗೆ ಮಾತಾಡಿ" ಅಂತ ಒಂದು ಪತ್ರ ಬರೆದುಕೊಟ್ಟರು.

ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಹತ್ತಿರ, ಅಮೆರಿಕ-ಯುರೋಪಿನಲ್ಲಿ 51ರ ಹತ್ತಿರ. ಅಂದರೆ ಅಲ್ಲಿನ ಲೇಖನ ಓದಿಕೊಂಡು ನನಗಿನ್ನೂ ಟೈಮಿದೆ ಅಂತ ಕೂರುವ ಹಾಗಿಲ್ಲ. ಅಮೆರಿಕದಲ್ಲಿ 'ಸ್ವಾನ್' ಅಂತ ಒಂದು ದೊಡ್ಡ ಅಧ್ಯಯನ 1990ರ ದಶಕದಿಂದ ಅದೇ ಹೆಂಗಸರನ್ನು ವರ್ಷ ವರ್ಷ ಕೇಳುತ್ತ ಬಂದಿದೆ. ಕೊನೆಯ ಮುಟ್ಟಿಗೆ ಸುಮಾರು 20 ತಿಂಗಳು ಮುಂಚೆ ಲೈಂಗಿಕ ಜೀವನದಲ್ಲಿ ಇಳಿಕೆ ಶುರುವಾಗಿ, ಕೊನೆಯ ಮುಟ್ಟಾದ ಒಂದು ವರ್ಷದವರೆಗೆ ಜೋರಾಗಿದ್ದು, ಆಮೇಲೆ ನಿಧಾನವಾಗುತ್ತದೆ ಅನ್ನುವುದು ಅದರಲ್ಲಿ ಕಂಡದ್ದು. ಅದೇ ಅಧ್ಯಯನದಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಹೆಂಗಸರಿಗೆ ನಡುವಯಸ್ಸಿನ ಉದ್ದಕ್ಕೂ ಈ ವಿಷಯ ತುಂಬಾ ಮುಖ್ಯವಾಗಿಯೇ ಉಳಿದಿತ್ತು. ಇದನ್ನು ಕೇಳಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ನನಗೆ ಬರೆದದ್ದು ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್. ಈಸ್ಟ್ರೋಜನ್ ಅಂದರೆ ಮುಟ್ಟು ನಿಲ್ಲುವ ಹೊತ್ತಿಗೆ ಮೈಯಲ್ಲಿ ಕಮ್ಮಿಯಾಗುವ ಹೆಣ್ಣು ಹಾರ್ಮೋನ್. ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಇದು ಹಚ್ಚಿದ ಜಾಗದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾರಣ ಗೊತ್ತಿಲ್ಲದೆ ರಕ್ತ ಹೋಗುತ್ತಿರುವವರು ಮೊದಲು ಹೇಳಲೇಬೇಕು. ಮೈ ಬಿಸಿಯಾಗಿ ಬೆವರುವುದು ಕೆಲವು ವರ್ಷದಲ್ಲಿ ತಾನಾಗಿ ತಗ್ಗುತ್ತದೆ, ಈ ಒಣಗುವುದು ಹಾಗಲ್ಲ, ಬಿಟ್ಟರೆ ಹೆಚ್ಚುತ್ತದೆ, ಪದೇ ಪದೇ ಮೂತ್ರದ ಉರಿಯನ್ನೂ ಜೊತೆಗೆ ತರುತ್ತದೆ. ಟ್ಯೂಬಿನ ಜೊತೆ ಒಂದು ಪ್ಲಾಸ್ಟಿಕ್ ಪಿಚಕಾರಿ ಕೊಡುತ್ತಾರೆ, ಅದರ ಮೈಮೇಲೆ ಗೆರೆ ಇರುತ್ತದೆ, ಆ ಗೆರೆಯವರೆಗೆ ಕ್ರೀಮ್ ತುಂಬಿಕೊಂಡು ಮಲಗಿಕೊಂಡೇ ಒಳಗೆ ಬಿಡಬೇಕು. ನರ್ಸಮ್ಮ ಅದನ್ನು ಟೇಬಲ್ ಮೇಲೆ ಟಿಶ್ಯೂ ಹಾಸಿ ಮಾಡಿ ತೋರಿಸಿದರು, ಹೇಗೆ ತೊಳೆದಿಡಬೇಕು ಅಂತಲೂ. ಈ ಐದು ನಿಮಿಷಕ್ಕೆ ನಾನು ಪ್ರತ್ಯೇಕವಾಗಿ ಮಾರ್ಕ್ಸ್ ಕೊಡುತ್ತೇನೆ. ಮೆಡಿಕಲ್‌ನಲ್ಲಿ ಹುಡುಗ ಚೀಟಿ ನೋಡಿ ಟ್ಯೂಬನ್ನು ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಕಪ್ಪು ಕವರು ಹಾಕಿ, ಎತ್ತಲೋ ನೋಡುತ್ತ ಕೊಟ್ಟ. ಸಾರಾಯಿ ಪ್ಯಾಕೆಟ್ ಏನೂ ಅಲ್ವಲ್ಲಪ್ಪ.

ಒಂದು ತಿಂಗಳು ದಾಟಿದ ಮೇಲೆ ಉರಿ ಹೋಯಿತು. ನಿದ್ದೆ ಇನ್ನೂ ಸರಿಯಾಗಿಲ್ಲ. ಆಸೆ? ಮೊದಲಿನ ಹಾಗೆ ತಾನಾಗಿ ಎದ್ದು ಬರುವುದಿಲ್ಲ, ಆದರೆ ಹೆದರಿಕೆ ಇಲ್ಲದೆ ಪಕ್ಕ ಮಲಗಿದರೆ ಸ್ವಲ್ಪ ಹೊತ್ತಾದ ಮೇಲೆ ಬರುತ್ತದೆ. ಇದೂ ಸರಿಯೇ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಕೆನಡಾದ ರೋಸ್‌ಮೇರಿ ಬ್ಯಾಸನ್ ಅನ್ನುವ ಡಾಕ್ಟರ್ 2000ದಲ್ಲೇ ಇದನ್ನು ಬರೆದಿದ್ದಾರಂತೆ: ವರ್ಷಗಟ್ಟಲೆ ಜೊತೆಗಿರುವ ಹೆಂಗಸರಲ್ಲಿ ಅನೇಕರಿಗೆ ಆಸೆ ಮೊದಲು, ಸೇರುವುದು ಆಮೇಲೆ ಅನ್ನುವ ಕ್ರಮ ಇರುವುದಿಲ್ಲ, ಹತ್ತಿರವಾದ ಮೇಲೆ, ಮೈ ಸ್ಪಂದಿಸಿದ ಮೇಲೆ ಆಸೆ ಹುಟ್ಟುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಎದ್ದು ಬಿದ್ದು ಓಡಿ ಬರದಿದ್ದರೆ ಕಾಯಿಲೆ ಅಂತ ಅರ್ಥವಲ್ಲ.

ಇನ್ನು ತಮ್ಮನ ಹೆಂಡತಿ. ಅವಳಿಗೆ 29. ಹೆರಿಗೆಯಾಗಿ ಆರು ವಾರದ ಚೆಕಪ್‌ನಲ್ಲಿ ಬೇರೆ ಡಾಕ್ಟರ್ "ಎಲ್ಲಾ ನಾರ್ಮಲ್, ಇನ್ನು ಶುರು ಮಾಡಬಹುದು" ಅಂದಿದ್ದರು. ತಮ್ಮ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡ ಹಾಗೆ ಕಾಯುತ್ತಿದ್ದ, ಪಾಪ. ಇವಳು ಬೇಡ ಅಂದಷ್ಟೂ ಮನೆಯಲ್ಲಿ ಮುಖ ದಪ್ಪ. ಒಂದಿನ ಅಡುಗೆಮನೆಯಲ್ಲಿ "ಅಕ್ಕಾ, ನಂಗೇನಾದ್ರೂ ಆಗಿದ್ಯಾ?" ಅಂತ ಕಣ್ಣಲ್ಲಿ ನೀರು ಹಾಕಿಕೊಂಡಳು.

ಡಾಕ್ಟರಮ್ಮ ಅವಳಿಗೆ ಹೇಳಿದ್ದು ಇಷ್ಟು. ಹಾಲುಣಿಸುವಾಗ ಪ್ರೊಲ್ಯಾಕ್ಟಿನ್ ಅನ್ನುವ ಹಾಲು ತರಿಸುವ ಹಾರ್ಮೋನ್ ಏರಿರುತ್ತದೆ, ಅದು ಈಸ್ಟ್ರೋಜನ್ ಅನ್ನು ಕೆಳಗೆ ಹಿಡಿದಿರುತ್ತದೆ, ಹಾಗಾಗಿ 29ರ ಬಾಣಂತಿಗೂ 50ರ ಹೆಂಗಸಿಗೂ ಒಂದೇ ತರಹ ಒಣಗುತ್ತದೆ. ಹೊಲಿಗೆ ಹಾಕಿದ ಜಾಗ ಹೊರಗಿಂದ ಮಾಯ್ದಿದ್ದರೂ ಒಳಗೆ ಬಿಗಿ ಇರಬಹುದು. ಆರು ವಾರ ಅನ್ನೋದು ಗಾಯದ ಲೆಕ್ಕ, ಮನಸ್ಸಿನ ಲೆಕ್ಕ ಅಲ್ಲ. ಇಡೀ ದಿನ ಮಗು ಮೈಮೇಲೇ ಇದ್ದು, ರಾತ್ರಿ ಇನ್ನೊಂದು ಕೈ ಬಂದರೆ ಮೈ ಕೊಸರಿಕೊಳ್ಳುವುದು ಗಂಡನ ಮೇಲಿನ ಕೋಪವಲ್ಲ. ಜೊತೆಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಟೆಸ್ಟ್ ಬರೆದರು, ಹೆರಿಗೆ ಆದಮೇಲಿನ ಖಿನ್ನತೆ ಇದೆಯಾ ಅಂತ ಪ್ರಶ್ನೆ ಕೇಳಿ ನೋಡಿದರು. ಹಿಮೋಗ್ಲೋಬಿನ್ 9 ಇತ್ತು. ಹತ್ತಕ್ಕಿಂತ ಕೆಳಗಿರುವವಳು ಮೆಟ್ಟಿಲು ಹತ್ತಿದರೇ ಏದುಸಿರು ಬಿಡುತ್ತಾಳೆ, ಅವಳನ್ನು ಆಸೆ ಯಾಕಿಲ್ಲ ಅಂತ ಕೇಳುವುದೇನು? ಕಬ್ಬಿಣದ ಮಾತ್ರೆ ಬಂತು.

ಹೊರಗೆ ಫೋನ್ ನೋಡುತ್ತ ಕೂತಿದ್ದ ತಮ್ಮನನ್ನೂ ಒಳಗೆ ಕರೆದರು. ಬ್ರಿಟನ್ನಿನಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯಲ್ಲಿ, 'ನ್ಯಾಟ್ಸಲ್' ಅಂತ, ಸುಮಾರು 34% ಹೆಂಗಸರೂ 15% ಗಂಡಸರೂ ಹಿಂದಿನ ವರ್ಷದಲ್ಲಿ ಮೂರು ತಿಂಗಳೋ ಜಾಸ್ತಿಯೋ ಆಸಕ್ತಿ ಇರಲಿಲ್ಲ ಅಂದಿದ್ದರು. ಮನೆಯಲ್ಲಿ ಸಣ್ಣ ಮಕ್ಕಳಿರುವ ಹೆಂಗಸರಲ್ಲಿ ಅದು ಹೆಚ್ಚಿತ್ತು, ಗಂಡ-ಹೆಂಡತಿ ಈ ವಿಷಯ ಸಲೀಸಾಗಿ ಮಾತಾಡಿಕೊಳ್ಳುವ ಕಡೆ ಕಮ್ಮಿ ಇತ್ತು. ಇದನ್ನು ಅವನ ಮುಂದಿಟ್ಟು, "ರಾತ್ರಿ ಎರಡು ಗಂಟೆಯ ಅಳು ಇನ್ನು ನಿಂದಪ್ಪ, ಹಾಲು ಕುಡಿಸಿದ ಮೇಲೆ ತೇಗಿಸಿ ಮಲಗಿಸೋಕೆ ಹೆಂಡ್ತಿನೇ ಬೇಕು ಅಂತೇನಿಲ್ಲ" ಅಂದರು. ಅವನ ಮುಖ ನೋಡಬೇಕಿತ್ತು. ಆದರೆ ಎದ್ದೇಳುತ್ತಿದ್ದಾನೆ, ವಾರದಲ್ಲಿ ಬಹುಪಾಲು ದಿನ.

ಚಿಕ್ಕಮ್ಮನ ಕಥೆ ಬೇರೆ. ಅವರಿಗೆ 38 ಇದ್ದಾಗ ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತೆ ಅಂತ ಗರ್ಭಕೋಶ ತೆಗೆದರು, ಜೊತೆಗೆ ಎರಡೂ ಅಂಡಾಶಯಗಳನ್ನೂ. ಅಂಡಾಶಯ ತೆಗೆದಿದ್ದಾರೆ ಅನ್ನುವುದು ಚಿಕ್ಕಮ್ಮನಿಗೆ ಗೊತ್ತಾದದ್ದೇ ಈ ಕ್ಲಿನಿಕ್‌ನಲ್ಲಿ, ಇಪ್ಪತ್ತು ವರ್ಷ ಹಳೆಯ ಡಿಸ್ಚಾರ್ಜ್ ಕಾಗದವನ್ನು ಡಾಕ್ಟರಮ್ಮ ಓದಿ ಹೇಳಿದಾಗ. ಹಳದಿ ತಿರುಗಿದ ಕಾಗದ, ಮಡಿಚಿದ ಕಡೆಯೆಲ್ಲ ಸೆಲ್ಲೋಟೇಪು. ಚಿಕ್ಕಮ್ಮ ಅದನ್ನು ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದರು, ಒಳಗೇನಿದೆ ಅಂತ ಯಾರೂ ಓದಿರಲಿಲ್ಲ. ತಾನಾಗಿ ಮುಟ್ಟು ನಿಂತರೆ ಹಾರ್ಮೋನ್ ವರ್ಷಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ, ಆಮೇಲೂ ಅಂಡಾಶಯ ಆಸೆಗೆ ನೆರವಾಗುವ ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನನ್ನು ಸ್ವಲ್ಪ ಮಾಡುತ್ತಿರುತ್ತದೆ. ಎರಡೂ ತೆಗೆದರೆ ಈಸ್ಟ್ರೋಜನ್ ಒಂದೇ ದಿನದಲ್ಲಿ ಕುಸಿಯುತ್ತದೆ, ಟೆಸ್ಟೋಸ್ಟೆರಾನ್ ಅರ್ಧಕ್ಕರ್ಧ ಹೋಗುತ್ತದೆ. ನಲವತ್ತರ ಆಸುಪಾಸಿನಲ್ಲಿ ಚಿಕ್ಕಮ್ಮ ವಿಪರೀತ ಸಿಡುಕುತ್ತಿದ್ದರು, ಮನೆಯಲ್ಲಿ ಎಲ್ಲರೂ ಅವರ ಸ್ವಭಾವವೇ ಹಾಗೆ ಅನ್ನುತ್ತಿದ್ದೆವು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನೊಳಗಿನ ಹೆಂಗಸರಲ್ಲಿ 3.3% ಜನರ ಗರ್ಭಕೋಶ ಆಗಲೇ ತೆಗೆದಾಗಿದೆ. ಬೇಕಿಲ್ಲದೆ ತೆಗೆಯುವುದನ್ನು ತಡೆಯಿರಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಯಾರಾದರೂ ನಿಮಗೆ ಆಪರೇಷನ್ ಅಂದರೆ "ಅಂಡಾಶಯ ಉಳಿಸ್ತೀರಾ?" ಅಂತ ಕೇಳಿ, ಉತ್ತರ ಬರೆಸಿಕೊಳ್ಳಿ.

ಮಜಾ ಇರುವುದು ಮುಂದೆ. ಚಿಕ್ಕಮ್ಮನಿಗೂ ಡಾಕ್ಟರಮ್ಮ ಆ ಹಾಳೆ, ಆ ಗೆರೆ ಎಳೆದರು. ಮೂವತ್ತೆಂಟಕ್ಕೆ ಧಡ್ ಅಂತ ಕೆಳಗೆ ಬಿದ್ದ ಬಾಣ ಐವತ್ತೈದು ದಾಟಿದ ಮೇಲೆ ಮೇಲಕ್ಕೆ ತಿರುಗಿತ್ತು! ಮಕ್ಕಳ ಮದುವೆಯಾಯಿತು, ಚಿಕ್ಕಪ್ಪ ರಿಟೈರಾದರು, ಮನೆಯಲ್ಲಿ ಇಬ್ಬರೇ, ಬಾಗಿಲು ಹಾಕಿಕೊಂಡರೆ ಯಾಕೆ ಅಂತ ಕೇಳುವವರಿಲ್ಲ. "ಬೇಡ ಅನ್ಸುತ್ತೆ" ಅಂತ ಶುರು ಮಾಡಿದವರು ಅರ್ಧ ಗಂಟೆಯಲ್ಲಿ "ಮನಸ್ಸಿಗೆ ಬೇಕು ಕಣಮ್ಮ, ಮೈ ಒಪ್ಪಲ್ಲ. ಈ ವಯಸ್ಸಲ್ಲಿ ಇದನ್ನ ಯಾರ ಹತ್ರ ಹೇಳ್ಲಿ?" ಅಂದರು. ನಾನು ಪಕ್ಕದಲ್ಲೇ ಕೂತಿದ್ದೆ, ಎಲ್ಲಿ ನೋಡಬೇಕು ಅಂತ ತಿಳಿಯಲಿಲ್ಲ. ಅವರಿಗೂ ಕ್ರೀಮ್, ಜೊತೆಗೆ ಜಾರಿಕೆಯ ಜೆಲ್. ತಿಪಟೂರಿನವರಲ್ವಾ, ಇಷ್ಟು ದಿನ ಕೊಬ್ಬರಿ ಎಣ್ಣೆಯಲ್ಲೇ ಕಾಲ ಹಾಕಿದ್ದರು. ಡಾಕ್ಟರಮ್ಮ ಅದನ್ನೇನೂ ನಕ್ಕು ತಳ್ಳಿಹಾಕಲಿಲ್ಲ. ಕಾಂಡೋಮ್ ಬಳಸುವವರು ಎಣ್ಣೆ ಮುಟ್ಟಬಾರದು, ರಬ್ಬರ್ ಹಾಳಾಗಿ ಹರಿಯುತ್ತದೆ, ನಿಮಗೆ ಆ ಚಿಂತೆ ಇಲ್ಲ, ತುರಿಕೆ-ಸೋಂಕು ಆಗದಿದ್ದರೆ ಪರವಾಗಿಲ್ಲ ಅಂದರು. ಕಾಂಡೋಮ್ ಬಳಸುವವರಿಗೆ ನೀರಿನಂಶದ ಅಥವಾ ಸಿಲಿಕೋನ್ ಜೆಲ್. ಸ್ಟ್ರಾಬೆರಿ ವಾಸನೆಯದ್ದು, ಬಿಸಿ ಮಾಡುವಂಥದ್ದು ಯಾವುದೂ ಬೇಡ, ಒಣಗಿದ ಜಾಗಕ್ಕೆ ಇನ್ನಷ್ಟು ಉರಿ.

ಹೆಂಗಸರ ವಯಾಗ್ರ ಇದೆಯಂತಲ್ಲ ಅಂತ ನಾನೇ ಕೇಳಿದೆ. 1998ರಲ್ಲಿ ಬಂದ ವಯಾಗ್ರ ರಕ್ತದ ಹರಿವಿನ ಔಷಧಿ, ಆಸೆಯದ್ದಲ್ಲ. ಅಮೆರಿಕದಲ್ಲಿ ಎರಡು ಸಲ ತಿರಸ್ಕಾರವಾಗಿ 2015ರಲ್ಲಿ ಒಪ್ಪಿಗೆ ಪಡೆದ ಫ್ಲಿಬಾನ್ಸೆರಿನ್ ಮೆದುಳಿನ ಮೇಲೆ ಕೆಲಸ ಮಾಡುವ ಮಾತ್ರೆ, ದಿನಾ ರಾತ್ರಿ ನುಂಗಬೇಕು, ಮದ್ಯದ ಜೊತೆ ಸೇರಿದರೆ ಬಿಪಿ ಕುಸಿದು ತಲೆ ಸುತ್ತಿ ಬೀಳಬಹುದು. ಇಷ್ಟೆಲ್ಲ ಮಾಡಿ ಸಿಕ್ಕ ಲಾಭ ತಿಂಗಳಿಗೆ ಅರ್ಧದಿಂದ ಒಂದು ಒಳ್ಳೆಯ ರಾತ್ರಿ ಜಾಸ್ತಿ. ಟೆಸ್ಟೋಸ್ಟೆರಾನ್ ಬಗ್ಗೆ ಹಲವು ದೇಶಗಳ ವೈದ್ಯರ ಸಂಘಗಳು 2019ರಲ್ಲಿ ಒಟ್ಟಾಗಿ ಹೇಳಿದ್ದು ಇದು: ಮುಟ್ಟು ನಿಂತ ಮೇಲೆ ಆಸೆ ಕುಸಿದು, ಅದು ಅವರಿಗೇ ಬೇಸರ ತಂದಿದ್ದರೆ ಸಣ್ಣ ಪ್ರಮಾಣದಲ್ಲಿ ಕೊಡಬಹುದು, ಬೇರೆ ಯಾವುದಕ್ಕೂ ಪುರಾವೆ ಸಾಲದು. ಚಿಕ್ಕಮ್ಮನಿಗೆ ಅದರ ಅಗತ್ಯ ಸದ್ಯಕ್ಕಿಲ್ಲ ಅಂದರು. ಬೇಸರ ಯಾರಿಗೆ ಅನ್ನುವುದನ್ನು ಅವರು ಎಲ್ಲರಿಗೂ ಕೇಳುತ್ತಾರೆ. ಆಸೆ ಇಲ್ಲ, ಅದರಿಂದ ನನಗೇನೂ ಕಷ್ಟವಿಲ್ಲ ಅನ್ನುವ ಹೆಂಗಸಿಗೆ ಚಿಕಿತ್ಸೆ ಬೇಡ ಅಂತ ವಾಪಸ್ ಕಳಿಸಿದ್ದೂ ಇದೆಯಂತೆ.

ಇಷ್ಟು ಹೊಗಳಿಕೆ ಸಾಕು.

ಮೊದಲನೇ ದೂರು, ಫಾರಂ. 19 ಪ್ರಶ್ನೆಯ ಒಂದು ಫಾರಂ ಕೊಡುತ್ತಾರೆ, ಇದು 2000ದಿಂದ ಎಲ್ಲ ಕಡೆ ಬಳಕೆಯಲ್ಲಿರುವಂಥದ್ದು: ಕಳೆದ ನಾಲ್ಕು ವಾರದಲ್ಲಿ ಆಸೆ ಎಷ್ಟು, ಉದ್ರೇಕ, ತೇವ, ಸುಖದ ತುದಿ, ತೃಪ್ತಿ, ನೋವು ಎಷ್ಟು ಅಂತ. ಅದು ಬರೀ ಇಂಗ್ಲಿಷಿನಲ್ಲಿತ್ತು. ಚಿಕ್ಕಮ್ಮನಿಗೆ ಓದಲು ಬರಲಿಲ್ಲ ಅಂತ ಒಬ್ಬ ಹುಡುಗಿ ಕಾರಿಡಾರಿನಲ್ಲೇ ನಿಂತು ಜೋರಾಗಿ ಕನ್ನಡ ಮಾಡಿ ಹೇಳಿದಳು, ಎದುರು ಬೆಂಚಿನಲ್ಲಿ ನಾಲ್ಕು ಗಂಡಸರು. ಚಿಕ್ಕಮ್ಮ ಹತ್ತೊಂಬತ್ತಕ್ಕೂ "ಪರವಾಗಿಲ್ಲ" ಅಂತ ಹೇಳಿ ಮುಗಿಸಿದರು. ಇನ್ನೇನು ಹೇಳುತ್ತಾರೆ? ಬೆಂಗಳೂರಿನ ಆಸ್ಪತ್ರೆ, ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚು? ನಾಲ್ಕು ವಾರದಲ್ಲಿ ಸೇರಿಯೇ ಇಲ್ಲದಿದ್ದರೆ ಆ ಫಾರಂನಲ್ಲಿ ಸಾಲು ಸಾಲು ಸೊನ್ನೆ ಬರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ ಅಂತ ಡಾಕ್ಟರಮ್ಮ ಒಳಗೆ ಹೇಳಿದರು. ಹೊರಗಿದ್ದ ಹುಡುಗಿಗೆ ಇದು ಗೊತ್ತಿರಲಿಲ್ಲ.

ಎರಡನೆಯದಕ್ಕೆ ನನಗೆ ನಿಜವಾಗಿ ಕೋಪ ಬಂತು. ಡಾಕ್ಟರ್ ರೂಮಿನಿಂದ ಹೊರಗೆ ಬಂದ ಕೂಡಲೇ ಬಿಲ್ಲಿಂಗ್ ಪಕ್ಕದಲ್ಲಿ 'ಕೌನ್ಸೆಲರ್' ಅಂತ ಒಬ್ಬರು ಕೂರಿಸಿಕೊಳ್ಳುತ್ತಾರೆ. ಅವರ ಹತ್ತಿರ ಹೊಳೆಯುವ ಬ್ರೋಷರ್. ಅದರಲ್ಲಿ ಯೋನಿಯ ಲೇಸರ್ ಚಿಕಿತ್ಸೆ, ಮೂರು ಸಲಕ್ಕೆ ಪ್ಯಾಕೇಜ್, ಸ್ಕೂಟರ್ ತೆಗೆದುಕೊಳ್ಳುವಷ್ಟು ದುಡ್ಡು. ಜೊತೆಗೆ ಶತಾವರಿ-ಅಶ್ವಗಂಧದ ಡಬ್ಬಿ, "ಹಳೆಯ ಆಸೆ ವಾಪಸ್" ಅಂತ. ಒಳಗೆ ಡಾಕ್ಟರಮ್ಮ ಇವೆರಡರ ಹೆಸರನ್ನೂ ಎತ್ತಿರಲಿಲ್ಲ. ಮನೆಗೆ ಬಂದು ಓದಿದೆ. ಈ ತರಹದ ಲೇಸರ್ ಬಗ್ಗೆ ಅಮೆರಿಕದಲ್ಲಿ ಔಷಧಿ-ಉಪಕರಣಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿತ್ತು, ಸುಟ್ಟ ಗಾಯ, ಕಲೆ, ನೋವು ಉಳಿಯುವ ಬಗ್ಗೆ. 2021ರಲ್ಲಿ ಆಸ್ಟ್ರೇಲಿಯಾದ ಒಂದು ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ನಿಜವಾದ ಲೇಸರ್, ಅರ್ಧ ಜನಕ್ಕೆ ಸುಮ್ನೆ ನಾಟಕದ ಲೇಸರ್ ಮಾಡಿ ಒಂದು ವರ್ಷ ನೋಡಿದರು, ಎರಡೂ ಗುಂಪಿಗೆ ವ್ಯತ್ಯಾಸವೇ ಇರಲಿಲ್ಲ. ಇನ್ನು ಆ ಡಬ್ಬಿ. ಲೈಂಗಿಕ ಸುಖದ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದಕ್ಕೆ ನಮ್ಮಲ್ಲಿ 1954ರ ಕಾನೂನಿನಲ್ಲೇ ತಡೆ ಇದೆ. ಬಸ್‌ಸ್ಟ್ಯಾಂಡ್ ಗೋಡೆಯ ಪೋಸ್ಟರಿಗೆ ಅನ್ವಯಿಸುವ ಕಾನೂನು ಎಸಿ ಆಸ್ಪತ್ರೆಗೆ ಯಾಕಿಲ್ಲ?

ಚಿಕ್ಕಮ್ಮ ಆ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಶತಾವರಿ ನಮ್ಮ ತೋಟದ ಬೇಲಿ ತುಂಬಾ ಇದೆ, ಬೇಕಾದ್ರೆ ನಿಮಗೇ ತಂದುಕೊಡ್ತೀನಿ" ಅಂದರು. ಆ ಕೌನ್ಸೆಲರ್ ಬ್ರೋಷರ್ ಮಡಿಚಿಟ್ಟುಕೊಂಡರು.

ಸಣ್ಣಪುಟ್ಟದ್ದು: ಟೋಕನ್ ಕೂಗುವಾಗ ಹೆಸರಿನ ಜೊತೆ "ಮೆನೋಪಾಸ್" ಅಂತ ಸೇರಿಸಿ ಕೂಗುತ್ತಾರೆ, ತಮ್ಮನ ಹೆಂಡತಿಯನ್ನೂ ಹಾಗೇ ಕೂಗಿದರು. ಪಾರ್ಕಿಂಗ್ ಇಲ್ಲವೇ ಇಲ್ಲ. ಹಾಲುಣಿಸಲು ಒಂದು ರೂಮಿದೆ, ಕೀ ಸೆಕ್ಯೂರಿಟಿ ಹತ್ತಿರ ಇರುತ್ತದೆ.

ಡಾಕ್ಟರಮ್ಮ ವಾರದಲ್ಲಿ ಎರಡೇ ದಿನ ಸಿಗುತ್ತಾರೆ. ಇಂಥ ಕಡೆ ಫೋನ್ ಮಾಡುವಾಗ "ಗೈನಿಕ್ ಚೆಕಪ್" ಅನ್ನಬೇಡಿ, ಮಾಮೂಲಿ ಐದು ನಿಮಿಷದ ಪಟ್ಟಿಗೆ ಸೇರಿಸಿಬಿಡುತ್ತಾರೆ. ಕ್ಲಿನಿಕ್ ಹೆಸರು ಹೇಳಿಯೇ ಟೈಮ್ ತೆಗೆದುಕೊಳ್ಳಿ. ಹಳೆಯ ಆಪರೇಷನ್ ಕಾಗದ, ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿ ತೆಗೆದುಕೊಂಡು ಹೋಗಿ. ಫಾರಂ ಕೊಟ್ಟರೆ ಒಳಗೇ ತುಂಬುತ್ತೇನೆ ಅನ್ನಿ. ವಾಪಸ್ ಬರುವಾಗ ಕೌನ್ಸೆಲರ್ ಕರೆದರೆ ಬಸ್ಸಿಗೆ ಟೈಮಾಯ್ತು ಅಂತ ಹೇಳಿ ನೇರ ಲಿಫ್ಟ್ ಹತ್ತಿ.